ಲೆನಾರ್ಡ್‌ಗೆ ಸೋತ ಹ್ಯಾಗ್ಲರ್‌ಗೆ ಮೂರನೇ ಸ್ಥಾನ ಯಾಕೆ?

ಬಾಕ್ಸಿಂಗ್ ಮಾತು ಶುರುವಾದರೆ ಸಾಕು, ನನ್ನನ್ನು ಬಲ್ಲವರು ಕೇಳುವ ಪ್ರಶ್ನೆ ಒಂದೇ: "ಮಿಡಲ್‌ವೇಟ್ ತೂಕದ ಸಾರ್ವಕಾಲಿಕ ಶ್ರೇಷ್ಠರ ಪಟ್ಟಿಯಲ್ಲಿ ಮಾರ್ವಿನ್ ಹ್ಯಾಗ್ಲರ್‌ನನ್ನು ಮೂರನೇ ಸ್ಥಾನದಲ್ಲಿ ಇಡ್ತೀಯಲ್ಲ, ಶುಗರ್ ರೇ ಲೆನಾರ್ಡ್ ಕೈಲಿ ಅವನು ಸೋತಿದ್ದನ್ನು ಮರೆತೇಬಿಟ್ಟೆಯಾ?"

ಮರೆತಿಲ್ಲ. 1987ರ ಏಪ್ರಿಲ್ 6ರ ಆ ಪಂದ್ಯವನ್ನು ವೀಕ್ಷಕ ವಿವರಣೆಯ ಸದ್ದು ಪೂರ್ತಿ ನಿಲ್ಲಿಸಿ, ಕಾಗದ ಪೆನ್ನು ಹಿಡಿದು ಮೂರು ಸಲ ನೋಡಿದ್ದೇನೆ. ಮೂರು ಸಲವೂ ಲೆನಾರ್ಡ್‌ಗೆ ಏಳು ರೌಂಡ್, ಹ್ಯಾಗ್ಲರ್‌ಗೆ ಐದು ಬಂದಿವೆ. ರೌಂಡ್ ಗೆದ್ದವನಿಗೆ ಹತ್ತು ಅಂಕ, ಸೋತವನಿಗೆ ಸಾಮಾನ್ಯವಾಗಿ ಒಂಬತ್ತು; ಅಂದರೆ 115–113. ಅಲ್ಲಿದ್ದ ಮೂವರು ತೀರ್ಪುಗಾರರಲ್ಲಿ ಒಬ್ಬ ಲೆನಾರ್ಡ್‌ಗೆ ಇದೇ ಅಂಕ ಕೊಟ್ಟ, ಇನ್ನೊಬ್ಬ ಇದನ್ನೇ ತಿರುಗಿಸಿ ಹ್ಯಾಗ್ಲರ್‌ಗೆ ಕೊಟ್ಟ. ಮೂರನೆಯವನು ಲೆನಾರ್ಡ್‌ಗೆ 118–110 ಕೊಟ್ಟ. ಆ ಅಂಕವನ್ನು ನಾನು ಯಾವತ್ತೂ ಒಪ್ಪುವುದಿಲ್ಲ. ಆದರೆ ಗೆದ್ದವನು ಲೆನಾರ್ಡೇ.

ಸೋಲಿಗೆ ಕಾರಣವೂ ಕಣ್ಣೆದುರೇ ಇದೆ. ಹದಿನೈದರ ಬದಲು ಹನ್ನೆರಡು ರೌಂಡ್, ಓಡಾಡಲು ದೊಡ್ಡ ರಿಂಗ್, ಹೀಗೆ ಲೆನಾರ್ಡ್ ಕೇಳಿದ್ದಕ್ಕೆಲ್ಲ ಹ್ಯಾಗ್ಲರ್ ಹೂಂ ಅಂದಿದ್ದ. ಅದರ ಮೇಲೆ, ಸೌತ್‌ಪಾ ನಿಲುವಿನಲ್ಲೇ, ಅಂದರೆ ಬಲಗಾಲು ಮುಂದಿಟ್ಟು ಎಡಗೈ ಬಾಕ್ಸರ್‌ನಂತೆ ಆಡಿಯೇ, ಹೆಸರು ಮಾಡಿದವನು ಆವತ್ತು ಮೊದಲ ರೌಂಡುಗಳನ್ನು ಎಡಗಾಲು ಮುಂದಿಟ್ಟು ಬಲಗೈ ಬಾಕ್ಸರ್‌ನಂತೆ ಆಡಿ ಪುಕ್ಕಟೆ ಕೊಟ್ಟುಬಿಟ್ಟ. ಆಮೇಲೆ ಲೆನಾರ್ಡ್ ಪ್ರತಿ ರೌಂಡಿನ ಕೊನೆಯ ಅರ್ಧ ನಿಮಿಷದಲ್ಲಿ ಪಟಪಟನೆ ಏಟು ಹಾಕಿ ತೀರ್ಪುಗಾರರ ಕಣ್ಣು ತುಂಬಿಸುತ್ತ ಹೋದ. ಐದು ವರ್ಷದಲ್ಲಿ ಒಂದೇ ಒಂದು ಪಂದ್ಯ ಆಡಿದ್ದವನು ಚಾಂಪಿಯನ್‌ಗೆ ಚಳ್ಳೆಹಣ್ಣು ತಿನ್ನಿಸಿದ. ಅವನ ಜಾಣತನಕ್ಕೆ ನನ್ನ ಪೂರ್ತಿ ಗೌರವವಿದೆ.

ಆದರೆ ಅದು ಹ್ಯಾಗ್ಲರ್‌ನ 67ನೇ ಪಂದ್ಯ, ಕೊನೆಯದೂ ಹೌದು. ಅದೊಂದರಿಂದಲೇ ಅವನನ್ನು ಅಳೆಯುವವರು ಹಿಂದಿನ 66ರಲ್ಲಿ ಎಷ್ಟು ನೋಡಿದ್ದಾರೆ?

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಹ್ಯಾಗ್ಲರ್‌ನ ಹೆಸರಾಂತ ಎದುರಾಳಿಗಳೆಲ್ಲ ಕೆಳಗಿನ ತೂಕದಿಂದ ಮೇಲೆ ಬಂದವರು ಅನ್ನುವುದು. ಮಾತು ನಿಜ. ಮಿಡಲ್‌ವೇಟ್ ಅಂದರೆ 160 ಪೌಂಡ್, ಸುಮಾರು 72.5 ಕಿಲೋ. ರೊಬರ್ಟೊ ಡುರಾನ್ ಮೊದಲು ಚಾಂಪಿಯನ್ ಆಗಿದ್ದು 135 ಪೌಂಡಿನಲ್ಲಿ. ಟಾಮಿ ಹರ್ನ್ಸ್, ಲೆನಾರ್ಡ್ ಇಬ್ಬರೂ 147ರಲ್ಲಿ ಬೆಳೆದವರು. 1983ರಲ್ಲಿ ಅಷ್ಟು ಚಿಕ್ಕವನಾದ ಡುರಾನ್ ಎದುರು ಹ್ಯಾಗ್ಲರ್ ಹದಿನೈದು ರೌಂಡ್ ಅತಿ ಎಚ್ಚರಿಕೆಯಿಂದ ಆಡಿ, ಕೊನೆಯ ಎರಡು ರೌಂಡಿನಲ್ಲಿ ಕಷ್ಟಪಟ್ಟು ಗೆದ್ದ. ಅದು ಅವನ ದೊಡ್ಡ ರಾತ್ರಿಗಳಲ್ಲಿ ಒಂದಲ್ಲ.

ಅದಕ್ಕೇ ಕೇಳಿದವರಿಗೆ ನಾನು ಹೇಳುವುದು: ಹ್ಯಾಗ್ಲರ್‌ನ ಸ್ಥಾನ ನಿರ್ಧಾರ ಆಗುವುದು ಲೆನಾರ್ಡ್ ಪಂದ್ಯ ನಡೆದ ಲಾಸ್ ವೇಗಸ್‌ನ ದೀಪದ ಕೆಳಗಲ್ಲ, 1976ರ ಫಿಲಡೆಲ್ಫಿಯಾದಲ್ಲಿ. ಆ ಊರಿನ ಗರಡಿಗಳಲ್ಲಿ ಆಗ ಹಸಿದ, ಗಟ್ಟಿ, ಅಸಲಿ ಮಿಡಲ್‌ವೇಟ್‌ಗಳ ದಂಡೇ ಇತ್ತು. ದೊಡ್ಡವರು ಅವರ ಹತ್ತಿರ ಸುಳಿಯುತ್ತಿರಲಿಲ್ಲ; ಗೆದ್ದರೆ ಹೆಸರಿಲ್ಲ, ಸೋತರೆ ಮಾನ ಹೋಗುತ್ತದೆ. ಮ್ಯಾಸಚೂಸೆಟ್ಸ್‌ನ ಬ್ರಾಕ್ಟನ್‌ನಿಂದ 21 ವರ್ಷದ ಹ್ಯಾಗ್ಲರ್ ಹೋಗಿದ್ದು ಅವರ ಅಂಗಳಕ್ಕೇ. ಜನವರಿಯಲ್ಲಿ ಬಾಬಿ ವಾಟ್ಸ್ ಎದುರು ಅಂಕಗಳ ಮೇಲೆ ಸೋತ. ಆ ತೀರ್ಪಿನ ಬಗ್ಗೆ ಇವತ್ತಿಗೂ ತಕರಾರಿದೆ. ಎರಡು ತಿಂಗಳಲ್ಲಿ ವಿಲ್ಲಿ ಮನ್ರೋ ಎದುರು ಮತ್ತೆ ಸೋತ. ಈ ಸಲ ತಕರಾರೇನೂ ಇರಲಿಲ್ಲ. ಮನ್ರೋ ಸರಿಯಾಗಿಯೇ ಪಾಠ ಕಲಿಸಿದ್ದ.

ಇಲ್ಲಿ ಸ್ವಲ್ಪ ನಿಲ್ಲಿ. ಇವತ್ತಿನ ಬಾಕ್ಸರ್ ಒಂದು ಸೋಲು ಕಂಡರೆ ಅವನ ಸುತ್ತಲಿನವರು ಎರಡು ವರ್ಷ ಸುಲಭದ ಎದುರಾಳಿಗಳನ್ನು ಹುಡುಕುತ್ತಾರೆ. ಹ್ಯಾಗ್ಲರ್ ಆರೇ ತಿಂಗಳಲ್ಲಿ ಅದೇ ಫಿಲಡೆಲ್ಫಿಯಾಗೆ ವಾಪಸ್ ಹೋಗಿ 'ಸೈಕ್ಲೋನ್' ಯೂಜೀನ್ ಹಾರ್ಟ್‌ನನ್ನು ಎದುರಿಸಿದ. ಎಡಗೈ ಹುಕ್‌ಗೆ (ಪಕ್ಕದಿಂದ ಬಾಗಿ ಬರುವ ಏಟು) ಹೆಸರಾಗಿದ್ದ ಹಾರ್ಟ್ ಎಂಟು ರೌಂಡ್ ಮುಗಿದ ಮೇಲೆ ಮೂಲೆಯಿಂದ ಏಳಲಿಲ್ಲ. 1977ರಲ್ಲಿ ಮನ್ರೋ ಜೊತೆ ಎರಡು ಸಲ ಆಡಿದ. ಮೊದಲ ಸಲ ಹನ್ನೆರಡನೇ ರೌಂಡಿನಲ್ಲಿ, ಮುಂದಿನ ಸಲ ಎರಡನೇ ರೌಂಡಿನಲ್ಲಿ ಮುಗಿಸಿದ. 1978ರಲ್ಲಿ ಬೆನ್ನಿ ಬ್ರಿಸ್ಕೋನನ್ನು ಅವನ ಊರಲ್ಲೇ ಸೋಲಿಸಿದ. 1980ರಲ್ಲಿ ವಾಟ್ಸ್ ಸಿಕ್ಕಿದಾಗ ಎರಡು ರೌಂಡ್ ಸಾಕಾಯಿತು. ಇವರಲ್ಲಿ ಒಬ್ಬರೂ ಕೆಳಗಿನ ತೂಕದಿಂದ ಬಂದವರಲ್ಲ.

ಇಷ್ಟಾದರೂ ಕಿರೀಟಕ್ಕೆ ಅವಕಾಶ ಸಿಕ್ಕಿದ್ದು ಐವತ್ತನೇ ಪಂದ್ಯದಲ್ಲಿ. 1979ರ ನವೆಂಬರ್‌ನಲ್ಲಿ ವಿಟೊ ಅಂಟುಫೆರ್ಮೊ ಎದುರು ಹದಿನೈದು ರೌಂಡ್ ಆಡಿದ ಮೇಲೆ ತೀರ್ಪುಗಾರರು ಡ್ರಾ ಅಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮರುವರ್ಷ ಲಂಡನ್ನಿನ ವೆಂಬ್ಲಿಯಲ್ಲಿ, ಅಷ್ಟರಲ್ಲಿ ಚಾಂಪಿಯನ್ ಆಗಿದ್ದ ಇಂಗ್ಲೆಂಡಿನವನೇ ಆದ ಅಲನ್ ಮಿಂಟರ್‌ನನ್ನು ಮೂರೇ ರೌಂಡಿನಲ್ಲಿ ರಕ್ತಸಿಕ್ತ ಮಾಡಿ ಗೆದ್ದಾಗಲೂ ಸಂಭ್ರಮ ಸಿಗಲಿಲ್ಲ. ರಿಂಗಿನಲ್ಲಿ ಮಂಡಿಯೂರಿ ಕೂತವನ ಸುತ್ತ ಬಿಯರ್ ಬಾಟಲಿಗಳು ಬೀಳತೊಡಗಿದವು. ಅವನ ತರಬೇತುದಾರರು ಮೈ ಅಡ್ಡ ಕೊಟ್ಟು ಅವನನ್ನು ಕಾಪಾಡಿದರು. ಸೊಂಟಕ್ಕೆ ಬೆಲ್ಟ್ ಕಟ್ಟಿಸಿಕೊಳ್ಳದೆಯೇ ಹೊಸ ಚಾಂಪಿಯನ್ ಪೊಲೀಸರ ನಡುವೆ ಹೊರಗೆ ಹೋದ. ಆ ದೃಶ್ಯ ನೋಡಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಹರ್ನ್ಸ್ ಪಂದ್ಯ ಎಲ್ಲರಿಗೂ ಗೊತ್ತು: 1985, ಎಂಟು ನಿಮಿಷದ ಬೆಂಕಿ, ಗೆದ್ದವನು ಹ್ಯಾಗ್ಲರ್. ಹ್ಯಾಗ್ಲರ್‌ನ ಆಟ ಅರ್ಥವಾಗಬೇಕಾದರೆ ಮಾತ್ರ 1983ರ ಟೋನಿ ಸಿಬ್ಸನ್ ಪಂದ್ಯ ನೋಡಿ. ಸಿಬ್ಸನ್ ಅಸಲಿ ಮಿಡಲ್‌ವೇಟ್, ಎಡಗೈ ಹುಕ್ ಭಯಂಕರ. ಹ್ಯಾಗ್ಲರ್‌ನ ಬಲಗಾಲನ್ನು ಗಮನಿಸಿ. ಅದು ಸದಾ ಸಿಬ್ಸನ್‌ನ ಎಡಗಾಲಿನ ಹೊರಬದಿಯಲ್ಲಿ ಇಳಿಯುತ್ತದೆ. ಅಲ್ಲಿಂದ ಬಲಗೈ ಜ್ಯಾಬ್ (ಮುಂದಿನ ಕೈಯ ನೇರ ಚುರುಕು ಏಟು), ಮತ್ತೆ ಜ್ಯಾಬ್, ನೇರ ಮುಖದ ಮಧ್ಯಕ್ಕೆ. ಸಿಬ್ಸನ್ ಹುಕ್‌ಗೆ ಭುಜ ತಿರುಗಿಸುವಷ್ಟರಲ್ಲಿ ಹ್ಯಾಗ್ಲರ್ ಅಲ್ಲಿರುವುದೇ ಇಲ್ಲ. ಕಾಲು ಬದಲಿಸಿ, ನಿಲುವು ಬದಲಿಸಿ, ಇನ್ನೊಂದು ಕಡೆಯಿಂದ ಹೊಡೆಯುತ್ತಿರುತ್ತಾನೆ. ಆರನೇ ರೌಂಡಿನಲ್ಲಿ ಪಂದ್ಯ ಮುಗಿಯಿತು. ಅಂಕದ ಹಾಳೆ ತುಂಬಲು ಕೂತ ನಾನು ಆವತ್ತು ಪೆನ್ನು ಕೆಳಗಿಟ್ಟು ಬರೀ ಅವನ ಕಾಲು ನೋಡುತ್ತ ಕೂತೆ.

ಇನ್ನು ನನ್ನ ಪಟ್ಟಿಯಲ್ಲಿ ಹ್ಯಾಗ್ಲರ್‌ಗಿಂತ ಮೇಲಿರುವ ಇಬ್ಬರು. ಹ್ಯಾರಿ ಗ್ರೆಬ್‌ನ ಒಂದು ಪಂದ್ಯದ ಚಿತ್ರಣವೂ ನಮಗೆ ಉಳಿದಿಲ್ಲ. ಆದರೂ ಮುಂದೆ ಹೆವಿವೇಟ್ ಚಾಂಪಿಯನ್ ಆದ ಜೀನ್ ಟನ್ನಿಯನ್ನು ಜೀವಮಾನದಲ್ಲಿ ಸೋಲಿಸಿದ ಒಬ್ಬನೇ ಒಬ್ಬ ಅವನು, ಅದಕ್ಕೆ ಮೊದಲ ಸ್ಥಾನ. ಎರಡನೆಯದು ಅರ್ಜೆಂಟೀನಾದ ಕಾರ್ಲೋಸ್ ಮಾಂಝೋನ್‌ಗೆ. 1970ರಲ್ಲಿ ರೋಮ್‌ಗೆ ಹೋಗಿ ನೀನೊ ಬೆನ್ವೆನೂಟಿಯನ್ನು ಮಲಗಿಸಿದವನು 14 ಸಲ ಪಟ್ಟ ಉಳಿಸಿಕೊಂಡ, 1977ರಲ್ಲಿ ಚಾಂಪಿಯನ್ ಆಗಿಯೇ ನಿವೃತ್ತನಾದ. 1964ರ ನಂತರ ಅವನಿಗೆ ಸೋಲೇ ಇಲ್ಲ. ರಿಂಗಿನ ಹೊರಗೆ ಅವನು ಮಾಡಿದ್ದು ಕೊಲೆ, ಅದಕ್ಕೆ ಜೈಲಿಗೂ ಹೋದ. ನಾನು ಇಲ್ಲಿ ಎಣಿಸುತ್ತಿರುವುದು ರಿಂಗಿನ ಲೆಕ್ಕ ಮಾತ್ರ, ಆದರೆ ಆ ಹೆಸರನ್ನು ಬರೆಯುವಾಗ ಕೈ ತಡೆಯುತ್ತದೆ.

ಶುಗರ್ ರೇ ರಾಬಿನ್ಸನ್ ಎಲ್ಲಿ ಅಂತ ಕೇಳುತ್ತೀರಿ. ಎಲ್ಲ ತೂಕ ಸೇರಿಸಿದರೆ ಅವನೇ ನನ್ನ ಮೊದಲಿಗ. ಆದರೆ ಮಿಡಲ್‌ವೇಟ್ ಕಿರೀಟವನ್ನು ಐದು ಸಲ ಗೆದ್ದ ಅನ್ನುವುದರ ಹಿಂದೆ ಟರ್ಪಿನ್, ಫುಲ್ಮರ್, ಬಸಿಲಿಯೊ, ಪೆಂಡರ್ ಕೈಲಿ ನಾಲ್ಕು ಸಲ ಕಳೆದುಕೊಂಡಿದ್ದೂ ಇದೆ. ಅವನ ಅತ್ಯುತ್ತಮ ಕಾಲ 147 ಪೌಂಡಿನಲ್ಲೇ ಕಳೆದುಹೋಗಿತ್ತು. ನಂತರದ ಕಾಲದ ಬರ್ನಾರ್ಡ್ ಹಾಪ್ಕಿನ್ಸ್ 20 ಸಲ ಪಟ್ಟ ಉಳಿಸಿಕೊಂಡ, ಹ್ಯಾಗ್ಲರ್ 12 ಸಲ. ಆದರೆ ಹಾಪ್ಕಿನ್ಸ್ ಕೈಯಲ್ಲಿ ಹಲವು ವರ್ಷ ಇದ್ದದ್ದು ಬೇರೆ ಬೇರೆ ಬಾಕ್ಸಿಂಗ್ ಸಂಸ್ಥೆಗಳ ನಡುವೆ ಹಂಚಿಹೋದ ಪಟ್ಟದ ಒಂದು ತುಂಡು. ಹ್ಯಾಗ್ಲರ್ ಕಾಲದಲ್ಲಿ ಮಿಡಲ್‌ವೇಟ್‌ಗೆ ಚಾಂಪಿಯನ್ ಯಾರು ಅಂತ ಯಾರೂ ಕೇಳುವ ಅಗತ್ಯವೇ ಇರಲಿಲ್ಲ.

67 ಪಂದ್ಯಗಳಲ್ಲಿ ಅವನು ಸೋತಿದ್ದು ಮೂರು. ವಾಟ್ಸ್, ಮನ್ರೋ ಇಬ್ಬರನ್ನೂ ಹುಡುಕಿಕೊಂಡು ಹೋಗಿ ಮಣ್ಣು ಮುಕ್ಕಿಸಿದ. ಮೂರನೆಯದಕ್ಕೂ ಮರುಪಂದ್ಯ ಕೇಳಿದ. ಒಂದು ವರ್ಷ ಕಾದ, ಸಿಗಲಿಲ್ಲ. 1988ರಲ್ಲಿ ನಿವೃತ್ತಿ ಘೋಷಿಸಿ ಇಟಲಿಗೆ ಹೋದ. ಲೆನಾರ್ಡ್, ಡುರಾನ್, ಹರ್ನ್ಸ್ ಮೂವರೂ ವಯಸ್ಸು ಮೀರಿದ ಮೇಲೂ ಮತ್ತೆ ಮತ್ತೆ ಗ್ಲೋವ್ಸ್ ತೊಟ್ಟರು. ಹ್ಯಾಗ್ಲರ್ 2021ರ ಮಾರ್ಚ್‌ನಲ್ಲಿ ತೀರಿಕೊಳ್ಳುವವರೆಗೂ ಮತ್ತೆ ಪಂದ್ಯಕ್ಕೆಂದು ರಿಂಗ್ ಹತ್ತಲಿಲ್ಲ.