ಇಟ್ಟಿಗೆಯ ಒತ್ತಕ್ಷರ

ಮುಖ್ಯೋಪಾಧ್ಯಾಯಿನಿಯ ಕುರ್ಚಿಗೆ ಬಂದು ಎರಡು ವರ್ಷವಾಯಿತು. ಸೆಪ್ಟೆಂಬರ್ 30ರ ಪಟಸಂಖ್ಯೆ (ಶಾಲೆಗೆ ದಾಖಲಾದ ಮಕ್ಕಳ ಸಂಖ್ಯೆ), ಆಧಾರ್ ತಾಳೆ, ಖಿಚಡಿಯ ಅಕ್ಕಿಯ ಲೆಕ್ಕ ಎನ್ನುವಷ್ಟರಲ್ಲಿ ದಿನ ಮುಗಿಯುತ್ತದೆ. ಒಂದರಿಂದ ಐದನೆಯ ತರಗತಿಯವರೆಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಎಂಬುದು ಶಿಕ್ಷಣ ಹಕ್ಕು ಕಾಯಿದೆಯ ಲೆಕ್ಕ. ಮುಂಬೈಯ ಕನ್ನಡ ಶಾಲೆಯಲ್ಲಿ ಪಟಸಂಖ್ಯೆ ಇಳಿದರೆ ಹುದ್ದೆ ಹೋಗುತ್ತದೆ; ಹುದ್ದೆ ಹೋದರೆ ಇರುವ ಮಕ್ಕಳೂ ಬೇರೆ ದಾರಿ ಹುಡುಕುತ್ತಾರೆ.

ನಮ್ಮ ಹಳೆಯ ಜನರಲ್ ರಿಜಿಸ್ಟರಿನಲ್ಲಿ ತಂದೆಯ ಉದ್ಯೋಗದ ಅಂಕಣದ ತುಂಬ 'ಹೋಟೆಲ್' ಎಂದೇ ಇದೆ. ಊರು ಕುಂದಾಪುರ, ಕಾರ್ಕಳ, ಉಡುಪಿ. ಆ ಮನೆಗಳ ಮೊಮ್ಮಕ್ಕಳು ಈಗ ಇಂಗ್ಲಿಷ್ ಮಾಧ್ಯಮದಲ್ಲಿದ್ದಾರೆ. ಅದೇ ಅಂಕಣದಲ್ಲಿ ಇಂದು ನಾನು ಗೌಂಡಿ, ಬಿಗಾರಿ (ಕೂಲಿಯಾಳು), ನಾಕಾ ಕೆಲಸ (ಬೀದಿ ಮೂಲೆಯಲ್ಲಿ ನಿಂತು ಹಿಡಿಯುವ ದಿನಗೂಲಿ) ಎಂದು ಬರೆಯುತ್ತೇನೆ. ಊರು ಯಾದಗಿರಿ, ಸುರಪುರ, ಶಹಾಪುರ. "ಮುಂಬೈಯಲ್ಲಿ ಕನ್ನಡ ಮಕ್ಕಳೇ ಇಲ್ಲ" ಎಂದು ಸಭೆಗಳಲ್ಲಿ ಯಾರಾದರೂ ಹೇಳಿದರೆ ನನಗೆ ಸಂಕಟವಾಗುತ್ತದೆ. ಇದ್ದಾರೆ. ಏಳುತ್ತಿರುವ ಕಟ್ಟಡಗಳ ಹಿಂದೆ, ತಗಡಿನ ಶೆಡ್ಡುಗಳಲ್ಲಿ, ತಮ್ಮನನ್ನೋ ತಂಗಿಯನ್ನೋ ಸೊಂಟದ ಮೇಲೆ ಕೂರಿಸಿಕೊಂಡು ಇದ್ದಾರೆ. ಹೋಗಿ ಕರೆತರಬೇಕಾದವರು ನಾವು.

ಆಗಸ್ಟಿನಲ್ಲಿ ಪಂಚಮಿ ಮುಗಿಸಿ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬಂದಿಳಿದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದರು. "ಅಕ್ಕೋರೇ, ಕಾಗದ ಒಂದೂ ಇಲ್ಲ. ಕೂರಿಸಿಕೊಳ್ಳುತ್ತೀರಾ?" ವರ್ಗಾವಣೆ ಪತ್ರವನ್ನು ಇಲ್ಲಿ ನಾವೆಲ್ಲ ದಾಖಲಾ ಎನ್ನುತ್ತೇವೆ. ದಾಖಲಾ ಇಲ್ಲವೆಂದು ಮಗುವನ್ನು ಹಿಂದಕ್ಕೆ ಕಳಿಸಬಾರದು, ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯಿದೆ ಸ್ಪಷ್ಟವಾಗಿ ಹೇಳುತ್ತದೆ. ಹತ್ತು ತುಂಬಿದ ಹುಡುಗಿಯನ್ನು ಐದನೆಯ ತರಗತಿಗೆ ಬರೆದುಕೊಂಡೆ. ಓದು ಮಾತ್ರ ಎರಡನೆಯ ತರಗತಿಯಲ್ಲೇ ನಿಂತುಹೋಗಿತ್ತು.

ಅಂದಿನಿಂದ ಪ್ರಾರ್ಥನೆಗೆ ಮುಂಚಿನ ಅರ್ಧ ಗಂಟೆ ಅವಳದು. ಮೊದಲ ವಾರ 'ಇಟ್ಟಿಗೆ' ಬರೆಯಲು ಹೇಳಿದೆ. 'ಇಟಟಿಗೆ' ಎಂದು ಎರಡು ಟಕಾರಗಳನ್ನು ಪಕ್ಕಪಕ್ಕ ಕೂರಿಸಿದಳು. ಕೇಳಿದ್ದನ್ನು ಸರಿಯಾಗಿಯೇ ಕೇಳಿದ್ದಳು. ಎರಡನೆಯದನ್ನು ಎಲ್ಲಿಡಬೇಕೆಂದು ಅವಳಿಗೆ ಯಾರೂ ತೋರಿಸಿರಲಿಲ್ಲ. ಅಪ್ಪ, ಅಕ್ಕ, ರೊಟ್ಟಿ, ಅಮ್ಮ, ಬೆಲ್ಲ ಎಂದು ಹಲಗೆಯ ಮೇಲೆ ಬರೆದೆ. ಬಹಳ ಹೊತ್ತು ನೋಡಿ ಕೇಳಿದಳು: "ಪ ಅಕ್ಷರದ ಮರಿ ತಾಯಿಯ ಹಾಗೆಯೇ ಇದೆ. ಮ ಅಕ್ಷರದ ಮರಿ ಏಕೆ ಬೇರೆ ಥರ?" ಇಪ್ಪತ್ತು ವರ್ಷ ಒತ್ತಕ್ಷರ ಕಲಿಸಿದ್ದೇನೆ, ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ತಾಯಿಯನ್ನು ಹೋಲುವ ಮರಿಗಳನ್ನು ಒಂದು ಕಡೆ, ಹೋಲದವನ್ನು ಇನ್ನೊಂದು ಕಡೆ ಬರೆಯೋಣ ಎಂದೆ. ಹೋಲದ ಸಾಲಿನಲ್ಲಿ ಮ, ತ, ನ, ಯ, ರ, ಲ ಸೇರಿದವು. ಆ ಹಾಳೆಯನ್ನು ಈಗ ಒಂದನೆಯ ತರಗತಿಯ ಶಿಕ್ಷಕಿಯೂ ತೆಗೆದುಕೊಂಡು ಹೋಗಿ ಗೋಡೆಗೆ ಅಂಟಿಸಿದ್ದಾರೆ.

ಆ ಶಿಕ್ಷಕಿಯ ಚಿಂತೆಯೇ ಬೇರೆ. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವವರು ಎರಡು ವರ್ಷದೊಳಗೆ ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ, ಪಾಸಾಗಬೇಕೆಂದು 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಊಟದ ಬಿಡುವಿನಲ್ಲಿ ಅವರು ಡಬ್ಬಿ ಪಕ್ಕಕ್ಕಿಟ್ಟು ಬಾಲ ಮನೋವಿಜ್ಞಾನ ಓದುತ್ತಾರೆ. ಅವರ ಕೊನೆಯ ಪೀರಿಯಡ್ಡನ್ನು ನಾನು ವಹಿಸಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ಅದು ನನಗೂ ಬೇಕಾಗಿತ್ತು.

ಕಳೆದ ವಾರ ಆ ತಾಯಿ ಮತ್ತೆ ಬಂದಿದ್ದರು. ದೀಪಾವಳಿ ಆದ ಮೇಲೆ ಇಲ್ಲಿನ ಕೆಲಸ ಮುಗಿಯುತ್ತದಂತೆ, ಕೂಲಿಯಾಳುಗಳ ಮೇಸ್ತ್ರಿಯಾದ ಮುಕಾದಮ ಪನ್ವೇಲ್ ಕಡೆಗೆ ಕರೆದೊಯ್ಯುತ್ತಾನಂತೆ. ಆ ಕಡೆ ಕನ್ನಡದ ತರಗತಿ ಎಲ್ಲಿದೆಯೆಂದು ಪರಿಚಯದವರಿಗೆಲ್ಲ ಫೋನ್ ಮಾಡುತ್ತಿದ್ದೇನೆ. ಈ ಸಲ ಅವಳು ಬರಿಗೈಯಲ್ಲಿ ಹೋಗಬಾರದು. ಹೆಸರು, ಜನ್ಮದಿನಾಂಕ, ತರಗತಿ ಎಲ್ಲವನ್ನೂ ನಾನೇ ತುಂಬಿಸಿ ದಾಖಲಾ ಸಿದ್ಧಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಶಾಲೆ ಬಿಟ್ಟ ದಿನಾಂಕದ ಜಾಗವೊಂದು ಖಾಲಿ ಇದೆ.