ಪಾಟಾದ ಚಾಕು: ಹದ ತಪ್ಪುವುದು ಎಲ್ಲಿ?

ಬೆಳಗಾವಿಯಲ್ಲಿ ಚಾಕುವಿಗೆ ಉಕ್ಕು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಹೆದ್ದಾರಿ ಬದಿಯ ಗ್ಯಾರೇಜುಗಳ ಹಿಂದೆ ಮುರಿದ ಕಮಾನ್ ಪಾಟಾ, ಅಂದರೆ ಗಾಡಿಯ ಲೀಫ್ ಸ್ಪ್ರಿಂಗ್, ಬಿದ್ದಿರುತ್ತವೆ. ಗುಜರಿಯಲ್ಲಿ ತೂಕದ ಲೆಕ್ಕಕ್ಕೆ ಸಿಗುತ್ತವೆ. ಕಂಬಾರರು ಕುಡಗೋಲು, ಕಬ್ಬಿನ ಕೊಯ್ತಾ ಬಡಿಯುವುದೂ ಇಂಥದ್ದರಲ್ಲೇ. ಆದರೆ ಕೊಯ್ತಾ ಬೇರೆ, ಉಳ್ಳಾಗಡ್ಡಿ ಹೆಚ್ಚುವ ಚಾಕು ಬೇರೆ. ಕೊಯ್ತಾದ ಬೆನ್ನು ದಪ್ಪಗಿದ್ದರೆ ಏಟಿಗೆ ತೂಕ ಬರುತ್ತದೆ. ಚಾಕುವಿನ ಬೆನ್ನು ಹಿಡಿಯ ಹತ್ತಿರವೇ 2.5 ಮಿ.ಮೀ. ದಾಟಿತೆಂದರೆ ಗಜ್ಜರಿಯನ್ನು ಕೊಯ್ಯುವುದಿಲ್ಲ, ಸೌದೆಯ ಹಾಗೆ ಸೀಳುತ್ತದೆ.

ಹಾಗಾಗಿ ಲಾರಿಯ 10 ಮಿ.ಮೀ. ಪಾಟಾ ಬಿಟ್ಟು, ಸಣ್ಣ ಟೆಂಪೊ ಅಥವಾ ಜೀಪಿನ 6–7 ಮಿ.ಮೀ. ಪಾಟಾ ತನ್ನಿ. 6 ಇಂಚು ಅಲಗು, ನಾಲ್ಕೂವರೆ ಇಂಚು ಹಿಡಿ ಇರುವ ಚಾಕುವಿಗೆ 7 ಮಿ.ಮೀ. ದಪ್ಪ, 30 ಮಿ.ಮೀ. ಅಗಲ, 170–180 ಮಿ.ಮೀ. ಉದ್ದದ ತುಂಡು ಸಾಕು. ಬಡಿದು 3 ಮಿ.ಮೀ.ಗೆ ಇಳಿಸುವಷ್ಟರಲ್ಲಿ ಅದು ತಾನೇ ಉದ್ದವಾಗಿ ಅಗಲವಾಗುತ್ತದೆ.

ಹಳೆಯ ಪಾಟಾದ ದೊಡ್ಡ ರೋಗ ಕಣ್ಣಿಗೆ ಕಾಣದ ಬಿರುಕು. ವರ್ಷಗಟ್ಟಲೆ ಬಾಗಿ ಬಾಗಿ ದಣಿದ ಉಕ್ಕು ಅದು. ನಡುವಿನ ಬೋಲ್ಟ್ ತೂತಿನ ಸುತ್ತ ಬಿರುಕು ಹೆಚ್ಚು. ತುಕ್ಕು ಉಜ್ಜಿ ತೆಗೆದು, ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ರಾತ್ರಿಯಿಡೀ ನೆನೆಸಿ, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಬಳಿಯಿರಿ. ಬಿರುಕಿದ್ದರೆ ಅದರೊಳಗಿನ ಎಣ್ಣೆ ಹೊರಗೆ ಜಿನುಗಿ ಬಿಳಿ ಪುಡಿಯ ಮೇಲೆ ಗೆರೆ ಮೂಡುತ್ತದೆ. ಗೆರೆ ಮೂಡಿದ ಭಾಗ ಗುಜರಿಗೇ ವಾಪಸ್.

ಕುಲುಮೆಗೆ ಹಳೆಯ ಬ್ರೇಕ್ ಡ್ರಮ್ಮು, ಒಂದೂವರೆ ಇಂಚಿನ ಕಪ್ಪು ಕಬ್ಬಿಣದ ಪೈಪು, ಒಂದು ಸಣ್ಣ ಬ್ಲೋವರ್ ಸಾಕು. ಸತುವಿನ ಲೇಪ ಇರುವ ಜಿ.ಐ. ಪೈಪು ಬೇಡವೇ ಬೇಡ, ಕಾದಾಗ ಬರುವ ಹೊಗೆ ವಿಷ. ಬಾಗಲಕೋಟೆ, ವಿಜಯಪುರ ಕಡೆ ಬೇಲಿಗುಂಟ ಬೆಳೆಯುವ ಬಳ್ಳಾರಿ ಜಾಲಿಯ ಇದ್ದಿಲು ಒಳ್ಳೆಯ ಕಾವು ಕೊಡುತ್ತದೆ. ನೆಲ್ಲಿಕಾಯಿ ಗಾತ್ರಕ್ಕೆ ಒಡೆದುಕೊಳ್ಳಿ. ದೊಡ್ಡ ತುಂಡುಗಳ ಸಂದಿನಲ್ಲಿ ನುಗ್ಗುವ ಗಾಳಿ ಉಕ್ಕಿನ ಇಂಗಾಲ ಸುಡುತ್ತದೆ. ಉಕ್ಕನ್ನಿಟ್ಟು ಬಡಿಯುವ ಅಡಿಗಲ್ಲಿಗೆ ಎಲ್ಲರೂ ರೈಲು ಹಳಿಯ ತುಂಡು ಕೇಳುತ್ತಾರೆ. ಲೆಕ್ಕಪತ್ರವಿಲ್ಲದ ರೈಲ್ವೆ ಸೊತ್ತು ಮನೆಯಲ್ಲಿಟ್ಟುಕೊಳ್ಳುವುದು 1966ರ ಕಾಯ್ದೆಯ ಪ್ರಕಾರ ಅಪರಾಧ. 80–100 ಮಿ.ಮೀ. ದಪ್ಪದ ಶಾಫ್ಟಿನ ತುಂಡನ್ನು ಜಾಲಿ ಕೊರಡಿನಲ್ಲಿ ನೆಟ್ಟಗೆ ಹೂತರೆ ಕೆಲಸ ಅಷ್ಟೇ ಚೆನ್ನಾಗಿ ನಡೆಯುತ್ತದೆ.

ಬಡಿಯುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಕೈಗೆ ಕೂರಬೇಕಾದ ಕೆಲಸ. ಕಿತ್ತಳೆ ಬಣ್ಣ ಇದ್ದಾಗ ಬಡಿಯಿರಿ, ಮಂಕು ಕೆಂಪಿಗೆ ಇಳಿದೊಡನೆ ಮತ್ತೆ ಬೆಂಕಿಗೆ ಇಡಿ. ಬೆಂಕಿಯಿಂದ ತೆಗೆದಾಗ ಉಕ್ಕೇ ಬಿಳಿ ಕಿಡಿ ಉಗುಳಿದರೆ ಅದು ಸುಟ್ಟುಹೋಗಿದೆ ಎಂದರ್ಥ. ಆ ತುದಿ ಕತ್ತರಿಸಿ ಎಸೆಯಬೇಕು, ಬೇರೆ ಮದ್ದಿಲ್ಲ. ಆಕಾರ ಬಂದ ಮೇಲೆ ಮೂರು ಸಲ ಕೆಂಪಗೆ ಕಾಯಿಸಿ, ಪ್ರತಿ ಸಲವೂ ಗಾಳಿಯಲ್ಲಿ ಕಪ್ಪಾಗುವ ತನಕ ಆರಲು ಬಿಡಿ. ಬಡಿತದಲ್ಲಿ ಒಳಗೆ ಸೇರಿಕೊಂಡ ಬಿಗಿತ ಇದರಿಂದ ಸಡಿಲುತ್ತದೆ. ಇದನ್ನು ಬಿಟ್ಟವರ ಅಲಗು, ಮುಂದೆ ಗಡಸು ಮಾಡಲು ಕಾಯಿಸಿ ಅದ್ದುವ ಎಣ್ಣೆಗೆ ಹೋಗಿ ಬಾಳೆಹಣ್ಣಿನಂತೆ ಬಾಗಿ ಬರುತ್ತದೆ.

ಆಮೇಲೆ ಅರದಿಂದಲೋ ಗ್ರೈಂಡರ್‌ನಿಂದಲೋ ಎರಡೂ ಮಗ್ಗುಲು ಸಮನಾಗಿ ಇಳಿಸಿ. ಹಿಡಿಯ ಪಿನ್ನುಗಳ ತೂತೂ ಈಗಲೇ ಕೊರೆಯಬೇಕು. ಗಡಸಾದ ಮೇಲೆ ಸಾದಾ ಡ್ರಿಲ್ ಬಿಟ್ ಓಡುವುದಿಲ್ಲ. ಅಂಚು 1 ಮಿ.ಮೀ. ದಪ್ಪ ಉಳಿದಿರಲಿ. ಈಗಲೇ ತೆಳ್ಳಗೆ ಮಾಡಿದರೆ ಎಣ್ಣೆಯಲ್ಲಿ ಅಂಚು ಅಲೆಅಲೆಯಾಗುತ್ತದೆ.

ಚಾಕು ಚಾಕುವಾಗುವುದು ಮುಂದಿನ ಹತ್ತು ನಿಮಿಷದಲ್ಲಿ. ಬಿಸಿಲಲ್ಲಿ ಈ ಕೆಲಸ ಮಾಡಬೇಡಿ. ವಿಜಯಪುರದ ಮಧ್ಯಾಹ್ನದ ಬೆಳಕಿನಲ್ಲಿ ವಿಪರೀತ ಕಾದ ಉಕ್ಕೂ ಮಂಕಾಗಿ ಕಾಣುತ್ತದೆ, ಇನ್ನಷ್ಟು ಕಾಯಿಸೋಣ ಅನ್ನಿಸುತ್ತದೆ. ಹೊತ್ತು ಮುಳುಗಿದ ಮೇಲೆ ಕೂರಿ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ತಂತಿಗೆ ಕಟ್ಟಿ ಪಕ್ಕದಲ್ಲಿ ತೂಗುಹಾಕಿ. ಸುಮಾರು 770 ಡಿಗ್ರಿಗೆ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲಿಗೇ ನಿಲ್ಲಿಸಿದರೆ ಸಾಲದು, ಅದರ ಮೇಲೆ ಇನ್ನೊಂದು ಛಾಯೆ ಬೆಳಗಬೇಕು. ಸಿಲಿಕಾನ್ ಹೆಚ್ಚಿರುವ ಪಾಟಾ ಇನ್ನೂ ತುಸು ಬೇಡುತ್ತದೆ. ಬೆನ್ನು, ಬಾಯಿ, ಮೊನೆ ಎಲ್ಲ ಒಂದೇ ಬಣ್ಣ ಇರಬೇಕು. ಮೊನೆ ತೆಳ್ಳಗಿರುವುದರಿಂದ ಮೊದಲು ಕಾಯುವುದು ಅದೇ. ಅದನ್ನು ಬೆಂಕಿಯಿಂದ ಮುಂದಕ್ಕೆ ದಾಟಿಸಿ ಹಿಡಿಯಿರಿ.

ನೀರಿಗೆ ಅದ್ದಬೇಡಿ. ತೆಳು ಅಲಗು ನೀರಿನಲ್ಲಿ ‘ಟಿಣ್’ ಎಂದು ಸದ್ದು ಮಾಡಿತೆಂದರೆ ಬಿರುಕು ಬಿಟ್ಟಿತೆಂದೇ ಲೆಕ್ಕ. ಎತ್ತರದ ಕಬ್ಬಿಣದ ಡಬ್ಬಿಯಲ್ಲಿ 4–5 ಲೀಟರ್ ಶೇಂಗಾ ಎಣ್ಣೆ, 50–60 ಡಿಗ್ರಿಗೆ ಬೆಚ್ಚಗೆ ಮಾಡಿಟ್ಟುಕೊಳ್ಳಿ. ತಣ್ಣನೆಯ ಎಣ್ಣೆ ಗಟ್ಟಿ, ಅಲಗಿನ ಸುತ್ತ ಬೇಗ ಹರಿಯುವುದಿಲ್ಲ. ಕುಸುಬಿ ಎಣ್ಣೆಯೂ ಆದೀತು, ಆದರೆ ಕೆಲವೇ ತಿಂಗಳಲ್ಲಿ ಅಂಟಂಟಾಗುತ್ತದೆ. ಸುಟ್ಟ ಎಂಜಿನ್ ಆಯಿಲ್ ಪುಕ್ಕಟೆ ಸಿಗುತ್ತದೆ, ಅದರ ಹೊಗೆ ಪುಕ್ಕಟೆಯಲ್ಲ. ಮೊನೆ ಕೆಳಗೆ ಮಾಡಿ ನೇರವಾಗಿ ಇಳಿಸಿ, ಬೆನ್ನು–ಬಾಯಿಯ ದಿಕ್ಕಿನಲ್ಲಿ ಮಾತ್ರ ಆಡಿಸಿ. ಅಡ್ಡಕ್ಕೆ ಅಲ್ಲಾಡಿಸಿದರೆ ಡೊಂಕಾಗುತ್ತದೆ. ಎಣ್ಣೆ ಹೊತ್ತಿಕೊಂಡರೆ ಮುಚ್ಚಳ ಮುಚ್ಚಿ. ಮುಚ್ಚಳ ಕೈಗೆಟಕುವಲ್ಲಿ ಇರದಿದ್ದರೆ ಕೆಲಸವನ್ನೇ ಶುರು ಮಾಡಬೇಡಿ, ನೀರಂತೂ ಹಾಕಲೇಬೇಡಿ.

ಹದ ಕೂತಿದೆಯೋ ಇಲ್ಲವೋ ಅರ ಹೇಳುತ್ತದೆ. ಗಡಸಾದ ಅಂಚಿನ ಮೇಲೆ ಅರ ಗಾಜಿನ ಮೇಲೆ ಜಾರಿದಂತೆ ಜಾರಬೇಕು. ಕಚ್ಚಿತೆಂದು ಆಗಲೇ ಗಾಬರಿಯಾಗಬೇಡಿ: ಮೇಲಿನ ಕೂದಲೆಳೆಯಷ್ಟು ಪದರದ ಇಂಗಾಲ ಬೆಂಕಿಯಲ್ಲಿ ಕಳೆದುಹೋಗಿರುತ್ತದೆ. ಅದನ್ನು ಉಜ್ಜಿ ತೆಗೆದು ಮತ್ತೆ ನೋಡಿ. ಅದೇ ಪಾಟಾದ ಬೆರಳಗಲದ ಚೂರನ್ನು ಮೊದಲೇ ಹೀಗೆ ಕಾಯಿಸಿ ಅದ್ದಿ, ವೈಸಿನಲ್ಲಿ ಕಚ್ಚಿಸಿ, ಬಟ್ಟೆ ಮುಚ್ಚಿ ಮುರಿದು ನೋಡುವುದು ಇನ್ನೂ ಒಳ್ಳೆಯದು. ಮುರಿದ ಮೈ ಬೂದು ಮಕಮಲ್ಲಿನಂತಿದ್ದರೆ ಕಾವು ಸರಿ. ಸಕ್ಕರೆಯಂತೆ ಹರಳು ಹೊಳೆದರೆ ಅತಿಯಾಗಿ ಕಾದಿದೆ.

ಈ ಸ್ಥಿತಿಯ ಅಲಗು ಗಾಜಿನಷ್ಟೇ ಪೆಡಸು. ತಡಮಾಡದೆ ಓವನ್‌ಗೆ ಹಾಕಿ. ಮನೆಯ ಓ.ಟಿ.ಜಿ.ಯ ತಿರುಗಣಿ ತೋರಿಸುವ ಅಂಕಿ ನಂಬಬೇಡಿ, ಒಳಗೊಂದು ಓವನ್ ಥರ್ಮಾಮೀಟರ್ ಇಡಿ. ತಟ್ಟೆಯಲ್ಲಿ ಒಣ ಮರಳು ಹರವಿ, ಅದರಲ್ಲಿ ಅಲಗು ಹೂತು, 200 ಡಿಗ್ರಿಯಲ್ಲಿ ಎರಡು ತಾಸು. ಆರಿಸಿ, ಮತ್ತೆ ಎರಡು ತಾಸು. ಉಜ್ಜಿ ಬೆಳ್ಳಗೆ ಮಾಡಿದ ಮೈಮೇಲೆ ಒಣಗಿದ ಜೋಳದ ಕಣಿಕಿಯ ಬಣ್ಣ ಬರಬೇಕು. ನೇರಳೆ, ನೀಲಿಗೆ ತಿರುಗಿತೆಂದರೆ ಹದ ಇಳಿದಿದೆ. ಅದು ಸ್ಪ್ರಿಂಗಿಗೆ ಸರಿ, ಚಾಕುವಿಗಲ್ಲ. ಮುಂದೆ ಅಂಚು ತೆಳ್ಳಗೆ ಮಾಡುವಾಗಲೂ ಇದೇ ಭಯ. ಗ್ರೈಂಡರ್ ಕೆಳಗೆ ಒಂದು ಕ್ಷಣ ನೀಲಿ ಕಂಡರೂ ಅಷ್ಟು ಜಾಗದ ಹದ ಹೋದಂತೆ. ಕೈಗವಸು ಬಿಚ್ಚಿ ಬರಿಗೈಯಲ್ಲಿ ಹಿಡಿಯಿರಿ, ಬಿಸಿ ಹತ್ತಿದೊಡನೆ ಬಕೆಟ್ಟಿನ ನೀರಿಗೆ ಅದ್ದಿ. ಅಂಚು 0.3 ಮಿ.ಮೀ.ಗೆ ಇಳಿದ ಮೇಲೆ 400, ಆಮೇಲೆ 1000 ನಂಬರಿನ ಸಾಣೆಕಲ್ಲಿನಲ್ಲಿ ಪ್ರತಿ ಮಗ್ಗುಲಿಗೆ 15–18 ಡಿಗ್ರಿ ಕೋನ ಹಿಡಿದು ಮಸೆಯಿರಿ.

ಕಾನೂನಿನ ಮಾತೂ ಒಂದಿದೆ. ಆಯುಧ ನಿಯಮಗಳು 9 ಇಂಚು ಉದ್ದ ಅಥವಾ 2 ಇಂಚು ಅಗಲ ಮೀರಿದ ಅಲಗನ್ನು ಆಯುಧದ ಪಟ್ಟಿಗೆ ಸೇರಿಸುತ್ತವೆ. ಮನೆಗೆಲಸ, ಒಕ್ಕಲುತನದ ಸಲಕರಣೆಗಳಿಗೆ ವಿನಾಯಿತಿ ಇದೆ. ಅಡಿಗೆಮನೆಗೆ 6 ಇಂಚು ಧಾರಾಳವಾಯಿತು.

ಹಿಡಿಗೆ ಜಾಲಿ, ತೇಗ, ಹುಣಸೆ ಯಾವುದಾದರೂ ಆದೀತು, ಹಸಿ ಕಟ್ಟಿಗೆ ಮಾತ್ರ ಬೇಡ. 5 ಮಿ.ಮೀ. ಹಿತ್ತಾಳೆ ಸರಳಿನ ಎರಡು ಪಿನ್ನು, ನಿಧಾನಕ್ಕೆ ಗಟ್ಟಿಯಾಗುವ ಅರಾಲ್ಡೈಟ್, ಹದವಾಗಿ ಬಿಗಿದ ಕ್ಲಾಂಪು, 24 ತಾಸು. ತೀರಾ ಬಿಗಿದರೆ ಅಂಟೆಲ್ಲ ಹೊರಬಂದು ಒಳಗೆ ಏನೂ ಉಳಿಯುವುದಿಲ್ಲ. ಬೆಳಗಾವಿಯ ಜುಲೈ ಮಳೆಯಲ್ಲಿ ಕೂರಿಸಿದ ಹಿಡಿ ವಿಜಯಪುರದ ಏಪ್ರಿಲ್ ಬಿಸಿಲಿಗೆ ಹೋದರೆ ಕಟ್ಟಿಗೆ ಕುಗ್ಗಿ, ಉಕ್ಕಿನ ಅಂಚು ಅಂಗೈಗೆ ತಾಕುತ್ತದೆ. ಹಾಗೆ ಕಳಿಸುವುದಿದ್ದರೆ ಕಟ್ಟಿಗೆಯನ್ನು ಬೇಸಿಗೆಯಲ್ಲೇ ಸೀಳಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿಟ್ಟು, ಕೂರಿಸಿದ ದಿನವೇ ಅಗಸೆ ಎಣ್ಣೆ ಕುಡಿಸಿಬಿಡಿ.