ತಡಿಯಂಡಮೋಳ್ ಮಳೆಯಲ್ಲಿ ತಲೆ ಎಣಿಸಿದ್ದು

ಕೊಡಗಿನ ತಡಿಯಂಡಮೋಳ್ ಬೆಟ್ಟ ಹತ್ತಬೇಕು ಅಂತ ಜೂನ್‌ನಿಂದಲೂ ಮಾತಾಡಿಕೊಳ್ಳುತ್ತಿದ್ದೆವು. ಮಳೆಗಾಲದಲ್ಲಿ ಜಿಗಣೆ ಕಾಟ, ಜಾರಿಕೆ ಬೇರೆ, ಮಗನನ್ನು ಕರೆದುಕೊಂಡು ಹೋಗುವುದು ಬೇಡ, ಡಿಸೆಂಬರ್ ಬರಲಿ, ಆಗ ಆಕಾಶ ತಿಳಿಯಾಗಿರುತ್ತೆ, ತುದಿಯಿಂದ ಪಶ್ಚಿಮಕ್ಕೆ ನೋಡಿದರೆ ಒಮ್ಮೊಮ್ಮೆ ಸಮುದ್ರದ ಅಂಚೂ ಕಾಣುತ್ತಂತೆ ಅಂತ ತಂಗಿ ಗಂಡ ಹೇಳಿದರು. ಹಾಗಾಗಿ 2024ರ ಡಿಸೆಂಬರ್ 1, ಭಾನುವಾರ ಅಂತ ಗೊತ್ತುಮಾಡಿದೆವು. ಅದರ ಹಿಂದಿನ ರಾತ್ರಿಯೇ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಮುಟ್ಟಿತು. ಬಂಗಾಳ ಕೊಲ್ಲಿಯ ಮಳೆ ಈ ಬೆಟ್ಟದ ಬುಡದ ಕಕ್ಕಬ್ಬೆವರೆಗೆ ಎಲ್ಲಿ ಬರುತ್ತೆ ಅಂದುಕೊಂಡೆವು. ಬಂತು.

ನಾವು ಒಟ್ಟು ಎಂಟು ಜನ. ನಾನು, ನಮ್ಮ ಯಜಮಾನರು, ಹನ್ನೊಂದು ವರ್ಷದ ಮಗ, ತಂಗಿ, ಅವಳ ಗಂಡ, ನನ್ನ ಹಳೇ ಗೆಳತಿ, ಅವಳ ಗಂಡ, ಕಾಲೇಜಿಗೆ ಹೋಗುವ ಅವರ ಮಗಳು. ಶನಿವಾರವೇ ಮೈಸೂರಿಂದ ಹೊರಟು ಹುಣಸೂರು, ಗೋಣಿಕೊಪ್ಪ, ವಿರಾಜಪೇಟೆ ದಾಟಿ ಬಂದು ಕಕ್ಕಬ್ಬೆ ಹತ್ತಿರದ ಒಂದು ಹೋಮ್‌ಸ್ಟೇಯಲ್ಲಿ ಉಳಿದಿದ್ದೆವು. ಬೆಳಗ್ಗೆ ಅಕ್ಕಿ ಒಟ್ಟಿ ತಿಂದು ಏಳೂವರೆಗೆ ನಾಲ್ಕುನಾಡು ಅರಮನೆ ಕಡೆಯಿಂದ ನಡೆಯಲು ಶುರು ಮಾಡಿದೆವು. ಮೊದಲಿನ ದಾರಿ ಕಾಫಿ ತೋಟದ ಪಕ್ಕದ ಜೀಪ್ ರಸ್ತೆ. ಹಣ್ಣು ಕೆಂಪಗಾಗಿ ಗಿಡದ ತುಂಬ ಇತ್ತು, ಸಣ್ಣಗೆ ಜಿನುಗುತ್ತಿತ್ತು, ಮಕ್ಕಳಿಗಂತೂ ಅದು ಖುಷಿಯೇ.

ಕಾಡು ದಾಟಿ ಹುಲ್ಲುಗಾವಲಿಗೆ ಬಂದ ಮೇಲೆ ಎಲ್ಲ ಬದಲಾಯಿತು. ಮಳೆ ಜೋರಾಯಿತು, ಗಾಳಿ ಅದನ್ನು ಅಡ್ಡಡ್ಡ ಬೀಸುತ್ತಿತ್ತು, ಮಂಜು ಹೇಗೆ ಕವಿಯಿತೆಂದರೆ ಹತ್ತು ಮಾರು ಮುಂದಿದ್ದವರು ಕಾಣುತ್ತಿರಲಿಲ್ಲ. ಬ್ರಿಟಿಷರು ಬಂದಾಗ, 1834ರಲ್ಲಿ, ಕೊಡಗಿನ ಕೊನೆಯ ರಾಜ ಚಿಕ್ಕ ವೀರರಾಜೇಂದ್ರ ಈ ನಾಲ್ಕುನಾಡಿಗೆ ಬಂದು ಅಡಗಿದ್ದನಂತೆ. ಇಲ್ಲಿಗೇ ಯಾಕೆ ಅಂತ ಹಿಂದಿನ ದಿನ ಮಗ ಕೇಳಿದ್ದ. ಆ ಮಂಜಿನಲ್ಲಿ ನಿಂತಾಗ ನನಗೆ ಉತ್ತರ ಗೊತ್ತಾಯಿತು.

ಗೊತ್ತಿಲ್ಲದೆಯೇ ನಾವು ಎರಡು ಗುಂಪಾಗಿಬಿಟ್ಟಿದ್ದೆವು. ತಂಗಿ ಗಂಡ, ಗೆಳತಿ ಗಂಡ, ಅವರ ಮಗಳು, ನನ್ನ ಮಗ ಮುಂದೆ. ಉಳಿದ ನಾಲ್ವರು ಹಿಂದೆ. ದಾರಿ ಮಧ್ಯೆ ಒಂದು ದೊಡ್ಡ ಬಂಡೆ ಸಿಗುತ್ತೆ, ಹತ್ತುವವರೆಲ್ಲ ಸುಧಾರಿಸಿಕೊಳ್ಳುವ ಜಾಗ. ಅದನ್ನು ದಾಟಿ ಕೊನೆಯ ಶೋಲಾ ಕಾಡಿನ, ಅಂದರೆ ಹುಲ್ಲುಗಾವಲ ನಡುವಿನ ದಟ್ಟ ಕಾಡಿನ, ಅಂಚಿಗೆ ಬಂದಾಗ ಮುಂದಿನವರು ಮರದಡಿ ಕಾಯುತ್ತಿದ್ದರು. "ಪುಟ್ಟ ಎಲ್ಲಿ?" ಅಂದೆ. "ನಿಮ್ ಜೊತೆ ಇಲ್ವಾ ಅಕ್ಕ? ಅಮ್ಮನ ಹತ್ರ ಹೋಗ್ತೀನಿ ಅಂತ ನಿಂತ್ಕೊಂಡನಲ್ಲ" ಅಂದರು ತಂಗಿ ಗಂಡ. ಎಣಿಸಿದೆ. ಏಳು. ಇನ್ನೊಂದು ಸಲ ಎಣಿಸಿದೆ. ಏಳೇ.

ಆ ಹೊತ್ತಿನ ಬಗ್ಗೆ ಬರೆಯುವುದು ಈಗಲೂ ಕಷ್ಟ. ಕೂಗಿದರೆ ಕೇಳಿಸುತ್ತೆ ಅಂದುಕೊಳ್ಳುತ್ತೇವೆ, ಆದರೆ ರೇನ್‌ಕೋಟಿನ ಟೋಪಿ ಮೇಲೆ ಮಳೆ ಬೀಳುವ ಸದ್ದಿನಲ್ಲಿ ಪಕ್ಕದವರ ಮಾತೇ ಕೇಳುತ್ತಿರಲಿಲ್ಲ. ನಮ್ಮವರು ಮಾತ್ರ ಗಾಬರಿಯಾಗಲಿಲ್ಲ. ಐದು ಜನ ಇಲ್ಲೇ ಇರಿ, ಯಾರೂ ಕದಲಬೇಡಿ, ನಾವಿಬ್ಬರು ಬಂದ ದಾರಿಯಲ್ಲೇ ಇಳಿಯುತ್ತೇವೆ ಅಂದರು. ನಾನು ಅವರ ಬ್ಯಾಗಿನ ಪಟ್ಟಿ ಹಿಡಿದುಕೊಂಡೇ ಇಳಿದೆ. ಹತ್ತು ಹೆಜ್ಜೆಗೊಮ್ಮೆ ನಿಂತು, ಟೋಪಿ ತೆಗೆದು ಕೂಗುವುದು, ಸುಮ್ಮನೆ ಕಿವಿಗೊಡುವುದು, ಮತ್ತೆ ಹತ್ತು ಹೆಜ್ಜೆ. ಇಪ್ಪತ್ತು ನಿಮಿಷ ಇರಬಹುದು.

ಅವನು ಆ ಬಂಡೆಯ ಹಿಂದೆಯೇ ಇದ್ದ. ಗಾಳಿ ತಾಗದ ಬದಿಗೆ ಬೆನ್ನು ಒತ್ತಿ, ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ದ. ಕಾಲಿಗೆ ಹತ್ತಿದ ಜಿಗಣೆ ಕೀಳಲು ನಿಂತವನು ಮಳೆಗೆ ಬಂಡೆ ಹಿಂದಕ್ಕೆ ಸರಿದಿದ್ದಾನೆ, ಅಷ್ಟರಲ್ಲಿ ನಾವು ಆ ಕಡೆಯಿಂದ ದಾಟಿಹೋಗಿದ್ದೇವೆ. "ದಾರಿ ತಪ್ಪಿದ್ರೆ ಇದ್ದಲ್ಲೇ ಇರಬೇಕು ಅಂತ ಸ್ಕೌಟ್ಸ್ ಸರ್ ಹೇಳಿದ್ರು ಅಮ್ಮ" ಅಂದ. ತುಟಿ ನೀಲಿಯಾಗಿತ್ತು. ರೇನ್‌ಕೋಟಿನ ಗುಂಡಿ ಬಿಚ್ಚಲು ಹೋದರೆ ಅವನ ಬೆರಳು ಬಗ್ಗುತ್ತಿರಲಿಲ್ಲ, ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಒಳಗಿದ್ದ ಕಾಟನ್ ಟೀ ಶರ್ಟ್ ಹಿಂಡಿದರೆ ನೀರು ಸುರಿಯಿತು. ಬೆಟ್ಟಕ್ಕೆ ಹೋಗುವವರು ಇದೊಂದನ್ನು ದಯವಿಟ್ಟು ನೆನಪಿಡಿ, ಒದ್ದೆಯಾದ ಕಾಟನ್ ಬಟ್ಟೆ ಮೈಯ ಬಿಸಿಯನ್ನೆಲ್ಲ ಎಳೆದುಬಿಡುತ್ತೆ, ಅದರ ಮೇಲೆ ಗಾಳಿಯೂ ಸೇರಿದರೆ ಮಕ್ಕಳು ಬೇಗ ಸೋಲುತ್ತಾರೆ. ನಮ್ಮವರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ಒಣ ಸ್ವೆಟರ್ ಹಾಕಿಸಿದೆ. ಮೊಣಕಾಲಿನವರೆಗೆ ಬಂತು. ಕಡಲೆ ಮಿಠಾಯಿ ಮುರಿದು ಬಾಯಿಗಿಟ್ಟೆ. ಅಗಿಯಲು ಶುರು ಮಾಡಿದ ಮೇಲೆ ನನಗೆ ಉಸಿರು ಬಂತು.

ನಮ್ಮವರು ಮೇಲೆ ಹೋಗಿ ಐವರನ್ನೂ ಕರೆತಂದರು. 1748 ಮೀಟರ್‌ನ ತುದಿಗೆ ಆ ಕಾಡಿನ ಕಡಿದಾದ ಏರು ಒಂದೇ ಬಾಕಿ ಇತ್ತು. ಗೆಳತಿ ಮಗಳಿಗೆ ತುಂಬ ಆಸೆ ಇತ್ತು ಅಂತ ನನಗೆ ಗೊತ್ತು. ಅವಳು ಒಂದು ಮಾತೂ ಆಡದೆ ಬಂದು ನನ್ನ ಮಗನ ಕೈ ಹಿಡಿದುಕೊಂಡಳು. ಆ ಹುಡುಗಿಯ ಋಣ ನನ್ನ ಮೇಲಿದೆ.

ಇಳಿಯುವಾಗ ಎಲ್ಲರಿಗೂ ಒಂದೊಂದು ನಂಬರ್. ಪ್ರತಿ ತಿರುವಿನಲ್ಲೂ ಮುಂದಿನಿಂದ ಒಂದು, ಎರಡು, ಮೂರು ಅಂತ ಕೂಗುತ್ತಾ ಬಂದೆವು. ಮಗ ನಾಲ್ಕು, ನಾನು ಐದು, ಕೊನೆಗೆ ನಮ್ಮವರು ಎಂಟು. ಆ "ಎಂಟು" ಕೇಳಿದ ಮೇಲೆಯೇ ಮುಂದಿನ ಹೆಜ್ಜೆ.

ಹೋಮ್‌ಸ್ಟೇ ಮನೆ ತಲುಪಿದಾಗ ಎರಡು ಗಂಟೆ ದಾಟಿತ್ತು. ಬಿಸಿನೀರು, ಒಲೆಯ ಮುಂದೆ ಶೂ, ಬೆಲ್ಲದ ಕಾಫಿ. ಆದರೆ ಮನೆಯ ಅಂಕಲ್ ಕೂರಲೇ ಇಲ್ಲ. ಅವರ ಕಣ್ಣೆಲ್ಲ ಅಂಗಳದ ಕಾಫಿ ಕಣದ ಮೇಲೆ. ಈ ಮಳೆಗೆ ಗಿಡದಲ್ಲಿರುವ ಹಣ್ಣು ಒಡೆದು ಉದುರುತ್ತೆ, ಕಣದಲ್ಲಿ ಒಣಗುತ್ತಿರುವುದು ಬೂಸ್ಟು ಹಿಡಿಯುತ್ತೆ, ವರ್ಷದ ದುಡಿಮೆ ಕಣ್ರೀ ಅಂದರು. ಸಂಜೆ ಮಳೆ ಮತ್ತೆ ಬಿರುಸಾಯಿತು. ಗಾಳಿಗೆ ಟಾರ್ಪಾಲ್ ಒಂದು ಕಡೆ ಎದ್ದು ಹಾರಾಡುತ್ತಿತ್ತು, ಅಂಕಲ್ ಒಬ್ಬರೇ ಓಡಿದರು. ನಾವೂ ಹೋದೆವು. ಅರೆ ಒಣಗಿದ ಹಣ್ಣಿನ ಹುಳಿ ವಾಸನೆ, ಕತ್ತಲು, ಕಾಲಡಿ ನೀರು. ಒಬ್ಬೊಬ್ಬರು ಒಂದೊಂದು ಕಡೆ ಅಂಚು ಹಿಡಿದು ಎಳೆದೆವು. ಎಲ್ಲರೂ ಹಿಡಿದಿದ್ದಾರೋ ಇಲ್ಲವೋ ಕಾಣುತ್ತಿರಲಿಲ್ಲ. ಅಷ್ಟರಲ್ಲಿ ಆ ಮೂಲೆಯಿಂದ ಮಗನ ದನಿ ಬಂತು, "ನಾಲ್ಕು!"

ನಾನು ಐದು ಅಂದೆ.